ಒಂದು ಬಾಂಬ್ ದಾಳಿಯ ಲೆಕ್ಕ ಹಾಕುವುದು ಹೇಗೆ? ಡೂಲಿಟಲ್ ದಾಳಿಯನ್ನು ಮುಂದಿಟ್ಟುಕೊಂಡು

ಯುದ್ಧಕಾಲದ ಸಾಹಸದ ದಾಳಿಗಳ ಕಥೆ ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗಿದುಬಿಡುತ್ತದೆ. ವಿಮಾನ ಹೊರಟಿತು, ಬಾಂಬ್ ಬಿತ್ತು, ಶತ್ರು ಬೆಚ್ಚಿಬಿದ್ದ, ಪೈಲಟ್‌ಗಳಿಗೆ ಪದಕ ಸಿಕ್ಕಿತು. ಮಾರನೇ ದಿನದಿಂದ ಏನಾಯಿತು ಅನ್ನುವುದನ್ನು ಕೇಳುವವರು ಕಡಿಮೆ. ಆದರೆ ದಾಳಿಯ ಬೆಲೆ ಗೊತ್ತಾಗುವುದು ಅಲ್ಲೇ, ಮತ್ತು ಅದನ್ನು ನಾವೇ ಕೂತು ಲೆಕ್ಕ ಹಾಕಬಹುದು. ಅದಕ್ಕೆ ಇತಿಹಾಸದ ಪದವಿ ಬೇಕಿಲ್ಲ. ನೀವು ವಿಡಿಯೋ ಮಾಡುವವರಿರಲಿ, ಹೈಸ್ಕೂಲಿನಲ್ಲಿ ಪಾಠ ಹೇಳುವವರಿರಲಿ, ಸುಮ್ನೆ ಆಸಕ್ತಿಗೆ ಓದುವವರಿರಲಿ, ಒಂದು ದಾಳಿಯನ್ನು ಪೂರ್ತಿ ಅರ್ಥ ಮಾಡಿಕೊಳ್ಳುವ ಒಂದು ಕ್ರಮ ಇಲ್ಲಿದೆ.

ಉದಾಹರಣೆಗೆ ತೆಗೆದುಕೊಂಡಿರುವುದು 1942ರ ಏಪ್ರಿಲ್ 18ರ ಡೂಲಿಟಲ್ ದಾಳಿ. ಅಮೆರಿಕದ 16 ಬಾಂಬರ್‌ಗಳು ಹಡಗಿನ ಡೆಕ್ ಮೇಲಿಂದ ಹಾರಿ ಟೋಕಿಯೋ ಮತ್ತು ಜಪಾನಿನ ಇತರ ಊರುಗಳ ಮೇಲೆ ಬಾಂಬ್ ಹಾಕಿದ ಘಟನೆ. ಇದನ್ನೇ ಆರಿಸಲು ಕಾರಣ ಇದೆ. ಕೆಡವಿದ್ದು ತುಂಬಾ ಕಡಿಮೆ, ಅದರಿಂದ ಹುಟ್ಟಿದ್ದು ತುಂಬಾ ಜಾಸ್ತಿ, ಮತ್ತು ಎಲ್ಲರಿಗಿಂತ ದೊಡ್ಡ ಬೆಲೆ ತೆತ್ತವರು ಈ ಕಥೆಯಲ್ಲಿ ಕಾಣಿಸುವುದೇ ಇಲ್ಲ.

ಬೇಕಾಗಿರುವುದು ಒಂದು ನೋಟ್‌ಬುಕ್, ಅಳತೆಪಟ್ಟಿ, ಜಪಾನಿನಿಂದ ಚೀನಾವರೆಗೆ ಕಾಣುವ ಒಂದು ನಕ್ಷೆ. ಫೋನಿನಲ್ಲಿರುವ ನಕ್ಷೆಯೂ ಆಗುತ್ತದೆ, ಆದರೆ ಕಾಗದದ ಮೇಲೆ ಗೆರೆ ಎಳೆದರೆ ದೂರ ಮನಸ್ಸಿಗೆ ಹತ್ತುತ್ತದೆ.

ಮೊದಲು ಕ್ಯಾಲೆಂಡರ್, ಆಮೇಲೆ ವಿಮಾನ

ವಿಮಾನದ ಮಾಡೆಲ್, ಎಂಜಿನ್, ಬಂದೂಕು ಇವುಗಳಿಂದ ಶುರು ಮಾಡಬೇಡಿ. ಅಲ್ಲಿ ಹೊಕ್ಕರೆ ಹೊರಗೆ ಬರುವುದು ಕಷ್ಟ. ದಾಳಿಗೆ ಐದಾರು ತಿಂಗಳ ಹಿಂದಿನಿಂದ ತಾರೀಖುಗಳನ್ನು ಬರೆದುಕೊಂಡು ಬನ್ನಿ.

1941ರ ಡಿಸೆಂಬರ್ 7, ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿದ್ದ ಅಮೆರಿಕದ ನೌಕಾನೆಲೆಯ ಮೇಲೆ ಜಪಾನಿನ ದಾಳಿ. ಎರಡು ವಾರದಲ್ಲೇ, ಡಿಸೆಂಬರ್ 21ಕ್ಕೆ, ಅಧ್ಯಕ್ಷ ರೂಸ್‌ವೆಲ್ಟ್ ಸೇನಾ ಮುಖ್ಯಸ್ಥರನ್ನು ಕೂರಿಸಿಕೊಂಡು ಜಪಾನಿನ ನೆಲದ ಮೇಲೆ ಆದಷ್ಟು ಬೇಗ ಬಾಂಬ್ ಬೀಳಬೇಕು ಅಂದರು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿನ ಕೈಗೆ ಹೋಯಿತು. ಮಾರ್ಚ್ 8ಕ್ಕೆ ರಂಗೂನ್. ಏಪ್ರಿಲ್ 9ಕ್ಕೆ ಫಿಲಿಪ್ಪೀನ್ಸ್‌ನ ಬಟಾನ್‌ನಲ್ಲಿದ್ದ ಅಮೆರಿಕ ಮತ್ತು ಫಿಲಿಪ್ಪೀನ್ಸ್ ಸೈನಿಕರು ಶರಣಾದರು.

ನಮ್ಮ ಕಡೆಯ ತಾರೀಖುಗಳನ್ನೂ ಸೇರಿಸಿ. ಏಪ್ರಿಲ್ 5ಕ್ಕೆ ಕೊಲಂಬೋ ಮೇಲೆ, 9ಕ್ಕೆ ಟ್ರಿಂಕೋಮಲಿ ಮೇಲೆ ಜಪಾನಿನ ಅಡ್ಮಿರಲ್ ನಗುಮೋ ಅವರ ವಿಮಾನವಾಹಕ ಪಡೆ ದಾಳಿ ಮಾಡಿತು. ನಡುವೆ 6ಕ್ಕೆ ಜಪಾನಿನ ಇನ್ನೊಂದು ನೌಕಾಪಡೆಯ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದವು. ಮದ್ರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟದ್ದು ಇದೇ ದಿನಗಳಲ್ಲಿ.

ಇಷ್ಟು ಬರೆದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಏಪ್ರಿಲ್ 18ರಂದು ಜಪಾನಿನ ಅತ್ಯುತ್ತಮ ವಿಮಾನವಾಹಕ ಹಡಗುಗಳು ಎಲ್ಲಿದ್ದವು? ಬಂಗಾಳ ಕೊಲ್ಲಿಯ ಕೆಲಸ ಮುಗಿಸಿ ಮನೆಗೆ ಹೊರಟು ದಾರಿಯಲ್ಲಿದ್ದವು. ಟೋಕಿಯೋ ಮೇಲೆ ಬಾಂಬ್ ಬಿದ್ದ ಸುದ್ದಿ ಬಂದಾಗ ಅಟ್ಟಿಸಿಕೊಂಡು ಹೋಗಿ ಅಂತ ಆದೇಶ ಬಂತು, ಆದರೆ ಅಷ್ಟು ದೂರದಿಂದ ಏನೂ ಮಾಡಲಾಗಲಿಲ್ಲ. ವಿಶಾಖಪಟ್ಟಣ, ಕೊಲಂಬೋ, ಟೋಕಿಯೋ ಎಲ್ಲವೂ ಒಂದೇ ಎರಡು ವಾರದ ಕಥೆ ಅನ್ನುವುದು ಕ್ಯಾಲೆಂಡರ್ ಬರೆದಾಗ ಮಾತ್ರ ಕಾಣುತ್ತದೆ.

ಇಂಧನದ ಲೆಕ್ಕ ನೀವೇ ಹಾಕಿ

ಯಾವುದೇ ಸಾಹಸದ ದಾಳಿಯ ಹೊಟ್ಟೆಯೊಳಗೆ ಒಂದು ಗಟ್ಟಿ ಕಷ್ಟ ಇರುತ್ತದೆ. ಅದನ್ನು ಹುಡುಕಿ. ಆಗ ಧೈರ್ಯ ಎಷ್ಟು, ಎಂಜಿನಿಯರಿಂಗ್ ಎಷ್ಟು ಅನ್ನುವುದು ಬಿಡಿಸಿಕೊಳ್ಳುತ್ತದೆ.

ಇಲ್ಲಿಯ ಕಷ್ಟ ದೂರದ್ದು. ಹಡಗಿನಿಂದ ಹಾರುವ ನೌಕಾಪಡೆಯ ವಿಮಾನಗಳು ದೂರ ಹೋಗಲಾರವು, ಆದ್ದರಿಂದ ಹಡಗು ಜಪಾನಿನ ತೀರದ ತುಂಬಾ ಹತ್ತಿರ ಹೋಗಬೇಕು. ಅಲ್ಲಿ ಹೋದರೆ ಹಡಗು ಉಳಿಯುವುದು ಅನುಮಾನ. ದೂರ ಹೋಗಬಲ್ಲ ಭೂಸೇನೆಯ ಬಾಂಬರ್‌ಗಳಿಗೆ ಉದ್ದ ರನ್‌ವೇ ಬೇಕು. ಈ ಎರಡನ್ನೂ ಜೋಡಿಸಿದ್ದು ಕ್ಯಾಪ್ಟನ್ ಫ್ರಾನ್ಸಿಸ್ ಲೋ ಅನ್ನುವ ನೌಕಾಪಡೆಯ ಅಧಿಕಾರಿ. ನಾರ್ಫೋಕ್‌ನ ವಿಮಾನ ನಿಲ್ದಾಣದ ನೆಲದ ಮೇಲೆ ಅಭ್ಯಾಸಕ್ಕೆಂದು ಹಡಗಿನ ಡೆಕ್‌ನ ಆಕಾರ ಬರೆದಿದ್ದರು. ಅಲ್ಲಿ ಎರಡು ಎಂಜಿನ್‌ನ ಬಾಂಬರ್‌ಗಳು ಹಾರುವುದನ್ನು ನೋಡಿದ ಅವರಿಗೆ, ಭೂಸೇನೆಯ ಬಾಂಬರ್ ಹಡಗಿನಿಂದಲೇ ಏಕೆ ಹಾರಬಾರದು ಅನ್ನಿಸಿತು. ಅವರು ಜಲಾಂತರ್ಗಾಮಿ ವಿರುದ್ಧದ ಯುದ್ಧ ನೋಡಿಕೊಳ್ಳುತ್ತಿದ್ದವರು, ವಿಮಾನದವರಲ್ಲ. ಹೊರಗಿನವರ ಕಣ್ಣಿಗೆ ಬಿದ್ದ ಉಪಾಯ ಇದು.

ಕೆಲಸ ವಹಿಸಿಕೊಂಡವರು ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ಡೂಲಿಟಲ್. ಆಗ 45 ವರ್ಷ. ಅವರನ್ನು ಬರೀ ಎದೆಗಾರ ಪೈಲಟ್ ಅಂತ ಬರೆದುಬಿಡುತ್ತಾರೆ. ವಿಮಾನಶಾಸ್ತ್ರದಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದವರು ಅವರು, 1929ರಲ್ಲಿ ಹೊರಗೆ ಏನೂ ಕಾಣದ ಹಾಗೆ ಮುಚ್ಚಿಕೊಂಡು ಬರೀ ಉಪಕರಣ ನೋಡಿಕೊಂಡು ವಿಮಾನ ಹಾರಿಸಿ ಇಳಿಸಿ ತೋರಿಸಿದವರು. ಈ ದಾಳಿಗೆ ಅಂಥವರೇ ಬೇಕಿತ್ತು.

ವಿಮಾನ ಬಿ-25 ಮಿಚೆಲ್. ಬೇರೆ ಬಾಂಬರ್‌ಗಳೂ ಪಟ್ಟಿಯಲ್ಲಿದ್ದವು, ಆದರೆ ಒಂದಕ್ಕೆ ರೆಕ್ಕೆ ಉದ್ದ ಜಾಸ್ತಿ, ಇನ್ನೊಂದಕ್ಕೆ ಓಡಲು ಜಾಗ ಜಾಸ್ತಿ ಬೇಕು. ಮಿಚೆಲ್‌ನ ರೆಕ್ಕೆ ಸುಮಾರು 67 ಅಡಿ, ಡೆಕ್‌ನ ಪಕ್ಕದಲ್ಲಿರುವ ಹಡಗಿನ ಗೋಪುರಕ್ಕೆ ತಗುಲದೆ ಹೋಗುತ್ತದೆ. (ಬೆಂಗಳೂರಿನವರಿಗೆ ಒಂದು ಮಾತು: 1943ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ ಭಾರತ-ಬರ್ಮಾ ಕಡೆ ಹಾರುತ್ತಿದ್ದ ಅವರ ವಿಮಾನಗಳ ರಿಪೇರಿ ಕೇಂದ್ರವಾಯಿತು. ಡೂಲಿಟಲ್ ತಂಡದ ಕೆಲವರು ಕೂಡ ದಾಳಿಯ ನಂತರ ಈ ಕಡೆಯ ಯುದ್ಧದಲ್ಲೇ ಉಳಿದರು.)

ಈಗ ಲೆಕ್ಕ. ಮಾಮೂಲಿ ಟ್ಯಾಂಕ್ 646 ಗ್ಯಾಲನ್, ಅಂದರೆ ಸುಮಾರು 2,400 ಲೀಟರ್. ಅದನ್ನು 1,141 ಗ್ಯಾಲನ್‌ಗೆ, ಸುಮಾರು 4,300 ಲೀಟರ್‌ಗೆ ಏರಿಸಿದರು. ಆ ತೂಕ ಎಲ್ಲಿಂದ ತೆಗೆಯುವುದು? ಹೊಟ್ಟೆಯ ಕೆಳಗಿನ ಬಂದೂಕಿನ ಗೋಪುರ ಬಿಚ್ಚಿದರು. ಬಾಲಕ್ಕೆ ಬಂದೂಕು ಇರಲಿಲ್ಲ, ಶತ್ರುವನ್ನು ಹೆದರಿಸಲು ಪೊರಕೆಯ ಕೋಲಿಗೆ ಬಣ್ಣ ಹಚ್ಚಿ ಕೂರಿಸಿದರು. ಗುಟ್ಟಿನದ್ದಾದ ನಾರ್ಡನ್ ಬಾಂಬ್ ಗುರಿಯಂತ್ರ ಶತ್ರುವಿನ ಕೈಗೆ ಸಿಗಬಾರದು ಅಂತ ತೆಗೆದು, ಅದರ ಜಾಗಕ್ಕೆ 20 ಸೆಂಟ್ ಖರ್ಚಿನ ಲೋಹದ ತುಂಡಿನ ಗುರಿಸಾಧನ ಹಾಕಿದರು. ತೀರಾ ಕೆಳಗೆ ಹಾರುವವರಿಗೆ ಅದೇ ಸಾಕಿತ್ತು. ಪ್ರತಿ ವಿಮಾನಕ್ಕೆ ಐದು ಜನ, 500 ಪೌಂಡಿನ ನಾಲ್ಕು ಬಾಂಬ್.

ನಕ್ಷೆಯ ಮೇಲೆ ಅಳೆಯಿರಿ. ಟೋಕಿಯೋದಿಂದ ಪೂರ್ವಕ್ಕೆ ಸಮುದ್ರದಲ್ಲಿ ಸುಮಾರು 900 ಕಿ.ಮೀ. ದೂರದಲ್ಲಿ ಒಂದು ಚುಕ್ಕೆ ಇಡಿ, ಯೋಜನೆಯ ಪ್ರಕಾರ ಹಾರಬೇಕಿದ್ದ ಜಾಗ ಹೆಚ್ಚುಕಡಿಮೆ ಅದು. ಆಮೇಲೆ ಟೋಕಿಯೋದಿಂದ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಚುಝೌವರೆಗೆ ಗೆರೆ ಎಳೆಯಿರಿ. ನೇರ ಗೆರೆಯೇ 2,000 ಕಿ.ಮೀ. ದಾಟುತ್ತದೆ, ಸುತ್ತು ಹಾಕಿಕೊಂಡು ಹೋದರೆ ಇನ್ನೂ ಜಾಸ್ತಿ. ಯಾಕೆ ಚೀನಾಕ್ಕೆ ಹೋಗಬೇಕು, ಹಡಗಿಗೇ ವಾಪಸ್ ಬರಬಹುದಲ್ಲ ಅಂತ ಯಾರಾದರೂ ಕೇಳುತ್ತಾರೆ. ಬಿ-25 ಡೆಕ್ ಮೇಲಿಂದ ಹಾರಬಲ್ಲದು, ಇಳಿಯಲಾರದು. ಹತ್ತಿರವಿದ್ದದ್ದು ಸೋವಿಯತ್‌ನ ವ್ಲಾಡಿವೊಸ್ಟಾಕ್, ಆದರೆ ಸೋವಿಯತ್‌ಗೂ ಜಪಾನ್‌ಗೂ 1941ರ ಏಪ್ರಿಲ್‌ನಿಂದ ತಟಸ್ಥ ಒಪ್ಪಂದ ಇತ್ತು, ಸ್ಟಾಲಿನ್ ಒಪ್ಪಲಿಲ್ಲ. ಹಾಗಾಗಿ ಚೀನಾ. ಈ ಒಂದು ಸಾಲನ್ನು ನೋಟ್‌ಬುಕ್‌ನಲ್ಲಿ ಗೆರೆ ಹಾಕಿ ಇಟ್ಟುಕೊಳ್ಳಿ, ಮುಂದೆ ಅತಿ ದೊಡ್ಡ ಸಂಕಟ ಬರುವುದು ಇಲ್ಲಿಂದಲೇ.

ಯೋಜನೆ ಎಲ್ಲಿ ಮುರಿಯಿತು

ಹಾರ್ನೆಟ್ ಅನ್ನುವ ವಿಮಾನವಾಹಕ ಹಡಗು ಏಪ್ರಿಲ್ 2ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟಿತು. 16 ದೊಡ್ಡ ಬಾಂಬರ್‌ಗಳು ಡೆಕ್ ತುಂಬಿಕೊಂಡಿದ್ದರಿಂದ ಹಡಗಿನ ಸ್ವಂತ ವಿಮಾನಗಳು ಕೆಳಗಿನ ಅಂತಸ್ತಿನಲ್ಲಿ ಮಡಚಿ ಕೂತಿದ್ದವು, ಅಂದರೆ ಹಾರ್ನೆಟ್ ತನ್ನನ್ನು ತಾನು ಕಾಯ್ದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೇ ಕಾವಲಿಗೆ ಅಡ್ಮಿರಲ್ ಹಾಲ್ಸಿ ಅವರ ಎಂಟರ್‌ಪ್ರೈಸ್ ಬಂದು ಸೇರಿತು. ಒಂದು ದಾಳಿಗೆ ಎರಡು ವಿಮಾನವಾಹಕಗಳು. ಇದನ್ನೂ ಗುರುತು ಹಾಕಿಕೊಳ್ಳಿ.

18ರ ಬೆಳಗ್ಗೆ ಜಪಾನಿನ ಒಂದು ಪಹರೆ ದೋಣಿ, ನಿಟ್ಟೋ ಮಾರು, ಇವರನ್ನು ಕಂಡು ರೇಡಿಯೋದಲ್ಲಿ ಸುದ್ದಿ ಕಳಿಸಿತು. ನ್ಯಾಶ್‌ವಿಲ್ ಅನ್ನುವ ಯುದ್ಧನೌಕೆ ಅದನ್ನು ಮುಳುಗಿಸಿತು, ಆದರೆ ಸುದ್ದಿ ಹೋಗಿಯಾಗಿತ್ತು. ಜಪಾನ್ ಇನ್ನೂ 650 ನಾಟಿಕಲ್ ಮೈಲಿ, ಅಂದರೆ ಸುಮಾರು 1,200 ಕಿ.ಮೀ. ದೂರ. ಹಾಲ್ಸಿ ತಕ್ಷಣ ಹಾರಿಸಿ ಅಂದರು. ಅಂದುಕೊಂಡದ್ದಕ್ಕಿಂತ ಸುಮಾರು ಹತ್ತು ಗಂಟೆ ಮುಂಚೆ, 300 ಕಿ.ಮೀ.ಗೂ ಜಾಸ್ತಿ ದೂರದಿಂದ.

ಇಲ್ಲಿ ನಿಧಾನ ಮಾಡಿ, ಯಾಕೆಂದರೆ ದಾಳಿಯ ರೂಪ ಬದಲಾದದ್ದು ಈ ಹತ್ತು ಗಂಟೆಯಲ್ಲಿ. ರಾತ್ರಿ ಬಾಂಬ್ ಹಾಕಿ ಬೆಳಕು ಹರಿದಾಗ ಚೀನಾದಲ್ಲಿ ಇಳಿಯುವುದು ಯೋಜನೆ. ಅದು ತಲೆಕೆಳಗಾಗಿ, ಹಗಲಲ್ಲಿ ಬಾಂಬ್ ಹಾಕಿ ಕತ್ತಲಲ್ಲಿ, ಮಳೆಯಲ್ಲಿ, ಗೊತ್ತಿಲ್ಲದ ಗುಡ್ಡಗಳ ಮೇಲೆ ಇಳಿಯುವ ಜಾಗ ಹುಡುಕುವುದಾಯಿತು. ದಾರಿ ತೋರಬೇಕಿದ್ದ ರೇಡಿಯೋ ಸಂಕೇತ ಕೇಳಿಸಲೇ ಇಲ್ಲ. ಕೊನೆಯ ಹೊತ್ತಿಗೆ ಹಿಂದಿನಿಂದ ಬೀಸಿದ ಗಾಳಿ ಇಲ್ಲದಿದ್ದರೆ ಎಷ್ಟೋ ವಿಮಾನಗಳು ಚೀನಾದ ದಡವನ್ನೂ ಮುಟ್ಟುತ್ತಿರಲಿಲ್ಲ.

ಡೂಲಿಟಲ್ ಅವರ ವಿಮಾನವೇ ಮೊದಲನೆಯದು, ಅದರ ಮುಂದೆ ಇದ್ದ ಜಾಗ 467 ಅಡಿ. ಹಡಗು ಗಾಳಿಗೆ ಎದುರಾಗಿ ಓಡುತ್ತಿತ್ತು, ಅಲೆಗೆ ಮೂತಿ ಏರಿಳಿಯುತ್ತಿತ್ತು. ಮೂತಿ ಮೇಲೆದ್ದ ಕ್ಷಣಕ್ಕೆ ಸರಿಯಾಗಿ ವಿಮಾನ ಅಂಚು ದಾಟಬೇಕು. 8:20ಕ್ಕೆ ಅವರು ಹಾರಿದರು, ಒಂದು ಗಂಟೆಯೊಳಗೆ 16ಕ್ಕೆ 16 ವಿಮಾನವೂ ಮೇಲೆದ್ದವು. ನಿಜವಾದ ಹಡಗಿನಿಂದ ಇವರಲ್ಲಿ ಯಾರೂ ಹಿಂದೆ ಬಿ-25 ಹಾರಿಸಿದವರಲ್ಲ. ಫ್ಲೋರಿಡಾದ ಎಗ್ಲಿನ್‌ನಲ್ಲಿ ನೆಲದ ಮೇಲೆ ಗೆರೆ ಹಾಕಿಕೊಂಡು ಅಭ್ಯಾಸ ಮಾಡಿದ್ದರು, ಅಷ್ಟೇ. ಈ ಧೈರ್ಯಕ್ಕೆ ತಲೆಬಾಗಲೇಬೇಕು.

ಶತ್ರುವಿನ ಕಡೆಯಿಂದಲೂ ಇದೇ ಬೆಳಗ್ಗೆಯನ್ನು ಬರೆಯಿರಿ. ಜಪಾನಿಗೆ ಎಚ್ಚರಿಕೆ ಸಿಕ್ಕಿತ್ತಲ್ಲ, ಆದರೂ ಯಾಕೆ ತಪ್ಪಿಹೋಯಿತು? ಹಡಗಿನ ವಿಮಾನಗಳು ದೂರ ಹಾರಲಾರವು ಅಂತ ಅವರಿಗೂ ಗೊತ್ತಿತ್ತು, ಹಾಗಾಗಿ ದಾಳಿ ಮಾರನೇ ದಿನ ಬರುತ್ತದೆ ಅಂದುಕೊಂಡರು. ಅವರ ಲೆಕ್ಕ ಸರಿಯೇ ಇತ್ತು, ಡೆಕ್ ಮೇಲೆ ಇದ್ದ ವಿಮಾನ ಯಾವುದು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಹಾನಿಯನ್ನು ಬಣ್ಣ ಹಚ್ಚದೆ ಬರೆಯಿರಿ

ಟೋಕಿಯೋ, ಯೊಕೊಹಾಮಾ, ಯೊಕೊಸುಕಾ, ನಗೋಯಾ, ಕೋಬೆ ಕಡೆ ಬಾಂಬ್ ಬಿತ್ತು. ಯೊಕೊಸುಕಾದಲ್ಲಿ ರಿಪೇರಿ ಕಟ್ಟೆಯಲ್ಲಿದ್ದ ರ್‍ಯೂಹೊ ಅನ್ನುವ ಹಡಗಿಗೆ ಪೆಟ್ಟು ಬಿತ್ತು. ಒಟ್ಟು ಹಾನಿ ಜಪಾನಿನ ಯುದ್ಧಶಕ್ತಿಗೆ ಏನೂ ಅಲ್ಲ. ಸತ್ತವರು ಸುಮಾರು 50 ಜನ, ಅವರಲ್ಲಿ ಸಾಮಾನ್ಯ ಜನರಿದ್ದರು, ಶಾಲೆಯ ಮಕ್ಕಳೂ ಇದ್ದರು. ಇದನ್ನು ಬಿಟ್ಟು ಬರೆಯಬೇಡಿ. ಅರಮನೆಯ ಮೇಲೆ ಬಾಂಬ್ ಹಾಕಬಾರದು ಅಂತ ಡೂಲಿಟಲ್ ಖಡಾಖಂಡಿತ ಹೇಳಿದ್ದರು, ಅದನ್ನೂ ಬರೆಯಿರಿ.

ದಾಳಿ ಮಾಡಿದವರ ಕಡೆ: 16 ವಿಮಾನಗಳಲ್ಲಿ 15 ನಾಶವಾದವು. ಇಂಧನ ಸಾಲದೆ ವ್ಲಾಡಿವೊಸ್ಟಾಕ್ ಬಳಿ ಇಳಿದ ಒಂದನ್ನು ಸೋವಿಯತ್‌ನವರು ಇಟ್ಟುಕೊಂಡರು, ಅದರ ಐವರು 1943ರಲ್ಲಿ ಇರಾನ್ ದಾಟಿ ಹೊರಬಂದರು. 80 ಜನರಲ್ಲಿ ಮೂವರು ಇಳಿಯುವಾಗಲೇ ಸತ್ತರು. ಎಂಟು ಜನ ಜಪಾನಿಯರ ಕೈಗೆ ಸಿಕ್ಕರು. ಅವರಲ್ಲಿ ಮೂವರನ್ನು ಅಕ್ಟೋಬರ್ 15ರಂದು ಗುಂಡಿಟ್ಟು ಕೊಂದರು, ಒಬ್ಬರು ಸೆರೆಯಲ್ಲೇ ತೀರಿಕೊಂಡರು, ನಾಲ್ವರು 1945ರ ಆಗಸ್ಟ್‌ನಲ್ಲಿ ಬಿಡುಗಡೆಯಾದರು. ಎಲ್ಲ ವಿಮಾನ ಕಳೆದುಕೊಂಡದ್ದಕ್ಕೆ ತನ್ನನ್ನು ಸೇನಾ ನ್ಯಾಯಾಲಯಕ್ಕೆ ಎಳೆಯುತ್ತಾರೆ ಅಂತ ಡೂಲಿಟಲ್ ಅಂದುಕೊಂಡಿದ್ದರು. ಸಿಕ್ಕಿದ್ದು ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ, ಮೆಡಲ್ ಆಫ್ ಆನರ್.

ಪರಿಣಾಮಕ್ಕೆ ತಾರೀಖಿನ ಪರೀಕ್ಷೆ

‘ಡೂಲಿಟಲ್ ದಾಳಿಯಿಂದ ಸಿಟ್ಟಿಗೆದ್ದ ಜಪಾನ್ ಮಿಡ್‌ವೇ ಮೇಲೆ ಹೋಯಿತು, ಅಲ್ಲಿ ಸೋತಿತು’ ಅನ್ನುವ ವಾಕ್ಯ ಎಲ್ಲ ಕಡೆ ಸಿಗುತ್ತದೆ. ಮಿಡ್‌ವೇ ಅಂದರೆ ಪೆಸಿಫಿಕ್ ನಡುವೆ ಅಮೆರಿಕದ ಕೈಯಲ್ಲಿದ್ದ ಪುಟ್ಟ ದ್ವೀಪ. ಇಂಥ ವಾಕ್ಯ ಕಂಡ ಕೂಡಲೇ ಒಂದು ಕೆಲಸ ಮಾಡಿ: ಆ ನಿರ್ಧಾರ ದಾಳಿಗಿಂತ ಮೊದಲೇ ಆಗಿತ್ತಾ ನೋಡಿ.

ಆಗಿತ್ತು. ಮಿಡ್‌ವೇ ಯೋಜನೆಯನ್ನು ಜಪಾನಿನ ಯುದ್ಧನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಯಮಮೊಟೊ ಮೊದಲಿನಿಂದಲೇ ಹಟ ಹಿಡಿದು ಮುಂದಿಟ್ಟಿದ್ದರು, ಟೋಕಿಯೋದ ನೌಕಾಪಡೆ ಮುಖ್ಯಾಲಯ ಏಪ್ರಿಲ್ ಮೊದಲ ವಾರದಲ್ಲೇ ಒಲ್ಲದ ಮನಸ್ಸಿನಿಂದ ತಲೆಯಾಡಿಸಿತ್ತು. ಹಾಗಾದರೆ ದಾಳಿ ಮಾಡಿದ್ದೇನು? ವಿರೋಧದ ಬಾಯಿ ಮುಚ್ಚಿಸಿತು. ಪೂರ್ವದ ಸಮುದ್ರ ತೆರೆದ ಬಾಗಿಲಿನಂತಿದೆ, ಅಲ್ಲಿಂದಲೇ ಟೋಕಿಯೋಗೆ ಬಂದರು ಅನ್ನುವ ಯಮಮೊಟೊ ಮಾತಿಗೆ ಸಾಕ್ಷಿ ಸಿಕ್ಕಿಬಿಟ್ಟಿತು. ಆಸಕ್ತಿಯಿಲ್ಲದೆ ಕೂತಿದ್ದ ಭೂಸೇನೆಯೂ ಸೈನಿಕರನ್ನು ಕೊಡಲು ಒಪ್ಪಿತು. ನಿರ್ಧಾರ ಹುಟ್ಟಿದ್ದು ಮೊದಲೇ, ಅದಕ್ಕೆ ಅವಸರವೂ ಒಮ್ಮತವೂ ಬಂದದ್ದು ದಾಳಿಯಿಂದ. ಈ ವ್ಯತ್ಯಾಸ ಹೇಳದಿದ್ದರೆ ನಿಮ್ಮ ಬರಹ ಅರ್ಧ ಸತ್ಯವೇ.

ಜೂನ್ 4ರಂದು ಮಿಡ್‌ವೇ ಬಳಿ ಜಪಾನ್ ಅಕಾಗಿ, ಕಾಗಾ, ಸೊರ್‍ಯೂ, ಹಿರ್‍ಯೂ ಅನ್ನುವ ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡಿತು. ಆದರೆ ಆ ಗೆಲುವಿನಲ್ಲಿ ಜಪಾನಿನ ಸಂಕೇತಗಳನ್ನು ಬಿಡಿಸಿದ ಹವಾಯಿಯ ತಂಡದ ಪಾಲೂ ಇದೆ, ಅದೃಷ್ಟದ ಪಾಲೂ ಇದೆ. ಎಲ್ಲವನ್ನೂ ಡೂಲಿಟಲ್ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ.

ಆ ಹಡಗುಗಳು ಇನ್ನೆಲ್ಲಿ ಇರಬಹುದಿತ್ತು?

ಬಹಳ ಜನ ಕೇಳದ ಪ್ರಶ್ನೆ ಇದು. ಆ ದಿನಗಳಲ್ಲಿ ಪೆಸಿಫಿಕ್‌ನಲ್ಲಿ ಅಮೆರಿಕಕ್ಕೆ ಕೆಲಸಕ್ಕೆ ಸಿಗುತ್ತಿದ್ದದ್ದು ನಾಲ್ಕು ವಿಮಾನವಾಹಕಗಳು. ಅದರಲ್ಲಿ ಎರಡು ಈ ದಾಳಿಗೆ ಹೋದವು. ಏಪ್ರಿಲ್ 25ಕ್ಕೆ ಅವು ಪರ್ಲ್ ಹಾರ್ಬರ್‌ಗೆ ಮರಳಿದವು, ತಿಂಗಳ ಕೊನೆಗೆ ಮತ್ತೆ ದಕ್ಷಿಣಕ್ಕೆ ಹೊರಟವು, ಆದರೆ ಮೇ ಮೊದಲ ವಾರದಲ್ಲಿ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರದಲ್ಲಿ ಜಪಾನಿನ ಜೊತೆ ನಡೆದ ಕಾಳಗಕ್ಕೆ ತಲುಪಲಾಗಲಿಲ್ಲ. ಅಲ್ಲಿ ಯಾರ್ಕ್‌ಟೌನ್, ಲೆಕ್ಸಿಂಗ್ಟನ್ ಎರಡೇ ಹೋರಾಡಿದವು. ಲೆಕ್ಸಿಂಗ್ಟನ್ ಮುಳುಗಿತು. ನಾಲ್ಕೂ ಇದ್ದಿದ್ದರೆ ಏನಾಗುತ್ತಿತ್ತು ಅಂತ ಹೇಳಲಾಗದು, ಆದರೆ ದಾಳಿಯ ಖರ್ಚಿನಲ್ಲಿ ಈ ಗೈರುಹಾಜರಿಯನ್ನೂ ಬರೆಯಲೇಬೇಕು.

ಬೆಲೆ ತೆತ್ತವರು ಯಾರು?

ನಿಮ್ಮ ಹೆಚ್ಚು ಸಮಯ ಇಲ್ಲಿ ಹೋಗಲಿ. ನೀವು ವಿಡಿಯೋ ಮಾಡುತ್ತಿದ್ದರೆ ಅದರ ಮೂರನೇ ಒಂದು ಭಾಗವನ್ನಾದರೂ ಇದಕ್ಕೆ ಇಡಿ.

ಕತ್ತಲಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದವರು ಬಿದ್ದದ್ದು ಪೂರ್ವ ಚೀನಾದ ಗದ್ದೆಗಳಲ್ಲಿ, ಗುಡ್ಡಗಳಲ್ಲಿ. ಭಾಷೆ ಬಾರದ, ಗಾಯಗೊಂಡ ಈ ಪರದೇಶಿಗಳನ್ನು ರೈತರು, ಬೆಸ್ತರು, ಊರ ವೈದ್ಯರು, ಗೆರಿಲ್ಲಾಗಳು ಬಚ್ಚಿಟ್ಟು, ಊಟ ಕೊಟ್ಟು, ಹೊತ್ತುಕೊಂಡು ದಾಟಿಸಿದರು. 80ರಲ್ಲಿ 60ಕ್ಕೂ ಜಾಸ್ತಿ ಜನ ಪಾರಾದದ್ದು ಇವರಿಂದ.

ಚೀನಾದ ನಾಯಕ ಚಿಯಾಂಗ್ ಕೈ-ಶೆಕ್‌ಗೆ ಅಮೆರಿಕ ಪೂರ್ತಿ ವಿವರ ಹೇಳಿರಲಿಲ್ಲ, ಗುಟ್ಟು ಸೋರಬಹುದು ಅನ್ನುವ ಭಯ. ಗೊತ್ತಾದಾಗ ಅವರು ಮುಂದೂಡಿ ಅಂತ ಕೇಳಿಕೊಂಡರು, ಯಾಕೆಂದರೆ ಜಪಾನ್ ಸೇಡು ತೀರಿಸಿಕೊಳ್ಳುವುದು ಯಾರ ಮೇಲೆ ಅಂತ ಅವರಿಗೆ ಗೊತ್ತಿತ್ತು. ಆ ಹೊತ್ತಿಗೆ ದಾಳಿ ನಿಲ್ಲಿಸುವಂತಿರಲಿಲ್ಲ.

ಮೇ ತಿಂಗಳ ನಡುವಿಗೆ ಜಪಾನಿನ ಸೇನೆ ಝೆಜಿಯಾಂಗ್, ಜಿಯಾಂಗ್‌ಶಿ ಪ್ರಾಂತ್ಯಗಳಿಗೆ ನುಗ್ಗಿತು. ಮುಂದೆ ಇನ್ನೊಂದು ಅಮೆರಿಕದ ವಿಮಾನ ಇಳಿಯದ ಹಾಗೆ ಚುಝೌ, ಯುಶಾನ್, ಲಿಶುಯಿ ವಿಮಾನ ನಿಲ್ದಾಣಗಳನ್ನು ಹಾಳುಮಾಡುವುದು ಮೊದಲ ಗುರಿ. ಊರಿನ ಜನರನ್ನೇ ಎಳೆದು ತಂದು ರನ್‌ವೇ ಮೇಲೆ ಕಂದಕ ಅಗೆಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಪೈಲಟ್‌ಗಳಿಗೆ ನೆರವಾದ ಊರುಗಳನ್ನು ಸುಟ್ಟರು, ಅಮೆರಿಕದವರು ನೆನಪಿಗೆ ಕೊಟ್ಟುಹೋದ ಸಣ್ಣಪುಟ್ಟ ವಸ್ತು ಮನೆಯಲ್ಲಿ ಸಿಕ್ಕರೆ ಅದೇ ಸಾವಿಗೆ ಕಾರಣವಾಯಿತು. ಸೇನೆ ಹಿಂದೆ ಸರಿಯುವಾಗ ರೋಗಾಣು ಅಸ್ತ್ರಗಳ ಕೆಲಸ ಮಾಡುತ್ತಿದ್ದ ಅದರ ಗುಪ್ತ ಘಟಕ ಯೂನಿಟ್ 731ರವರು ಬಾವಿಗಳಿಗೆ, ಹೊಲಗಳಿಗೆ ರೋಗಾಣು ಹಾಕಿದರು. ಅದು ಜಪಾನಿನ ಸೈನಿಕರಿಗೂ ತಗುಲಿತು. ಸತ್ತ ಚೀನೀಯರ ಸಂಖ್ಯೆ ಸುಮಾರು 2,50,000 ಅಂತ ಚೀನಾ ಕಡೆಯ ಅಂದಾಜು.

ಅಂಕಿ ಬರೆಯುವಾಗ ಯಾರ ಅಂದಾಜು ಅಂತ ಹೇಳಿ. ಸುಡುವ ಊರುಗಳಲ್ಲಿ ಯಾರೂ ಕೂತು ಎಣಿಸಿರುವುದಿಲ್ಲ, ಹಾಗಂತ ಅಂಕಿಯನ್ನೇ ಬಿಟ್ಟುಬಿಡುವುದು ಸತ್ತವರಿಗೆ ಅನ್ಯಾಯ. ಜಪಾನಿನಲ್ಲಿ ಸತ್ತ ಸುಮಾರು 50 ಜನ, ದಾಳಿ ತಂಡದ ಏಳು ಜನ, ಝೆಜಿಯಾಂಗ್-ಜಿಯಾಂಗ್‌ಶಿಯ ಲಕ್ಷಾಂತರ ಜನ, ಮೂರನ್ನೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬರೆಯಿರಿ.

ಈಗ ಕಷ್ಟದ ಪ್ರಶ್ನೆ: ದಾಳಿ ಸರಿಯಿತ್ತಾ? ನನ್ನ ಅಭಿಪ್ರಾಯ ಹೇಳುತ್ತೇನೆ. ಸೋಲಿನ ಮೇಲೆ ಸೋಲು ಕಂಡಿದ್ದ ಜನಕ್ಕೆ ಅದು ಉಸಿರು ಕೊಟ್ಟಿತು, ಜಪಾನ್ ಫೈಟರ್ ವಿಮಾನಗಳನ್ನು ಮನೆ ಕಾಯಲು ಇಟ್ಟುಕೊಳ್ಳುವ ಹಾಗಾಯಿತು, ಮಿಡ್‌ವೇ ಅವಸರವಾಯಿತು. ಇವು ಸಣ್ಣವಲ್ಲ. ಆದರೆ ಯಾರ ನೆಲದ ಮೇಲೆ ಇಳಿಯಬೇಕಿತ್ತೋ ಅವರ ಮಾತು ಕೇಳದೆ ಅವರ ತಲೆಯ ಮೇಲೆ ಅಪಾಯ ಹೊರಿಸಿದ್ದು ತಪ್ಪು, ಅದೂ ಪರಿಣಾಮ ಏನಾಗಬಹುದು ಅಂತ ಅವರು ಎಚ್ಚರಿಸಿದ ಮೇಲೆ. ಕೊಂದ ಪಾಪ ಕೊಂದವರದ್ದೇ, ಅದರಲ್ಲಿ ಅನುಮಾನ ಇಲ್ಲ. ನೀವು ಬೇರೆ ತೀರ್ಮಾನಕ್ಕೆ ಬರಬಹುದು, ಆದರೆ ಆ ಪುಟ ಬರೆದ ಮೇಲೆ ಬನ್ನಿ.

ಇನ್ನೊಂದು ದಾಳಿಯ ಮೇಲೆ ಪ್ರಯೋಗಿಸಿ ನೋಡಿ

ಅಭ್ಯಾಸಕ್ಕೆ 1943ರ ಮೇ 16-17ರ ರಾತ್ರಿ ಜರ್ಮನಿಯ ಅಣೆಕಟ್ಟುಗಳ ಮೇಲೆ ಬ್ರಿಟನ್ ಮಾಡಿದ ದಾಳಿ ತೆಗೆದುಕೊಳ್ಳಿ. 19 ಲ್ಯಾಂಕಾಸ್ಟರ್ ವಿಮಾನಗಳು ಹೋದವು, ಎಂಟು ವಾಪಸ್ ಬರಲಿಲ್ಲ, 53 ಜನ ಸತ್ತರು. ಮೊಹ್ನೆ, ಎಡರ್ ಅಣೆಕಟ್ಟುಗಳು ಒಡೆದವು. ಇಲ್ಲಿ ಗಟ್ಟಿ ಕಷ್ಟ ಇಂಧನದ್ದಲ್ಲ, ಬಾಂಬ್ ನೀರಿನ ಮೇಲೆ ಪುಟಿದು ಹೋಗಿ ಗೋಡೆಗೆ ತಾಗಿ ಮುಳುಗಬೇಕಾದರೆ ವಿಮಾನ ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ ಇರಬೇಕು ಅನ್ನುವುದು. ಅಲ್ಲಿಂದ ಶುರು ಮಾಡಿ. ಬೆಲೆಯ ಪುಟಕ್ಕೆ ಬಂದಾಗ, ಮೊಹ್ನೆಯ ಕೆಳಗೆ ನೈಹೈಮ್ ಬಳಿಯ ಶಿಬಿರದಲ್ಲಿ ಬಲವಂತದ ದುಡಿಮೆಗೆ ಎಳೆದು ತಂದಿದ್ದ ಹೆಂಗಸರು ನೂರಾರು ಸಂಖ್ಯೆಯಲ್ಲಿ ಮುಳುಗಿ ಸತ್ತದ್ದನ್ನು ಮರೆಯಬೇಡಿ. ಪರಿಣಾಮದ ಪುಟಕ್ಕೆ ಎರಡು ಪ್ರಶ್ನೆ ಹಾಕಿಕೊಳ್ಳಿ: ಅಣೆಕಟ್ಟನ್ನು ಅದೇ ವರ್ಷದ ಶರತ್ಕಾಲದೊಳಗೆ ಮತ್ತೆ ಕಟ್ಟಿದ ಸಾವಿರಾರು ಕೂಲಿಗಳನ್ನು ಜರ್ಮನಿ ಯಾವ ಕೆಲಸದಿಂದ ಬಿಡಿಸಿ ತಂದಿತು, ಮತ್ತು ರಿಪೇರಿ ನಡೆಯುತ್ತಿದ್ದ ಅಷ್ಟೂ ತಿಂಗಳು ಬ್ರಿಟನ್ ಅಲ್ಲಿಗೆ ಇನ್ನೊಮ್ಮೆ ದೊಡ್ಡ ದಾಳಿಗೆ ಯಾಕೆ ಹೋಗಲಿಲ್ಲ?